ಬ್ರೇಕಿನ ಧೂಳು: ಪ್ರಮಾಣವೂ ಗುಣವೂ

ಸಂಸ್ಕೃತದ 'ಯಮ್' ಎಂಬ ಧಾತುವಿಗೆ ಹಿಡಿದು ನಿಲ್ಲಿಸು, ಅಂಕೆಯಲ್ಲಿಡು ಎಂಬ ಅರ್ಥವಿದೆ. ಸಂಯಮ, ನಿಯಮ, ನಿಯಂತ್ರಣ ಎಂಬ ಶಬ್ದಗಳೆಲ್ಲ ಈ ಒಂದೇ ಬೇರಿನಿಂದ ಚಿಗುರಿದವು. ಯಂತ್ರವೆಂಬ ಮಾತೂ ಅದೇ ಕುಲದ್ದು. ರಥವನ್ನು ನಡೆಸುವ ಸಾರಥಿಗೆ 'ಯಂತೃ' ಎಂಬ ಹೆಸರುಂಟು. ಕುದುರೆಗಳನ್ನು ಓಡಿಸಬಲ್ಲವನಷ್ಟೇ ಸಾರಥಿಯಲ್ಲ, ಬೇಕಾದೆಡೆಯಲ್ಲಿ ತಡೆದು ನಿಲ್ಲಿಸಬಲ್ಲವನೇ ಸಾರಥಿ ಎಂಬ ಭಾವ ಆ ಹೆಸರಿನಲ್ಲಿ ಅಡಗಿದೆ. ಇಂದಿನ ಮೋಟಾರು ವಾಹನದಲ್ಲಿ ಈ ಕಡಿವಾಣದ ಕಾರ್ಯವನ್ನು ನಿರ್ವಹಿಸುವುದು ಬ್ರೇಕು. ಅದು ಇಲ್ಲದ ವಾಹನ ವಾಹನವಲ್ಲ, ವಿಪತ್ತು. ಆದರೆ ಪ್ರಾಣರಕ್ಷಣೆಗಾಗಿಯೇ ಇರುವ ಈ ಸಾಧನವು ಪ್ರತಿಸಲ ಒತ್ತಿದಾಗಲೂ ಕಣ್ಣಿಗೆ ಕಾಣದಷ್ಟು ಸಣ್ಣ ಧೂಳನ್ನು ಗಾಳಿಗೆ ಬಿಡುತ್ತದೆ. ವಾಹನವನ್ನು ಬ್ರೇಕು ತಡೆಯುತ್ತದೆ. ಬ್ರೇಕಿನ ಧೂಳನ್ನು ತಡೆಯುವುದು ಯಾವುದು? ಈ ಪ್ರಶ್ನೆಗೆ ಕಾನೂನು ಉತ್ತರ ಕೊಡತೊಡಗಿದ್ದು ತೀರ ಈಚೆಗೆ.

ಧೂಳು ಹುಟ್ಟುವ ಬಗೆ

ಚಲಿಸುವ ವಸ್ತುವಿನಲ್ಲಿ ಶಕ್ತಿಯಿರುತ್ತದೆ. ಅದರ ಪರಿಮಾಣವು ವಸ್ತುವಿನ ತೂಕವನ್ನೂ ವೇಗದ ವರ್ಗವನ್ನೂ ಅವಲಂಬಿಸಿದೆ ಎಂಬುದು ಪ್ರೌಢಶಾಲೆಯ ವಿದ್ಯಾರ್ಥಿಗಳೂ ಅರಿತ ಸೂತ್ರ. 1,200 ಕಿಲೋಗ್ರಾಂ ತೂಕದ ಕಾರು ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಹೋಗುತ್ತಿದ್ದರೆ ಅದರ ಚಲನಶಕ್ತಿ ಸುಮಾರು 1,67,000 ಜೂಲುಗಳಾಗುತ್ತದೆ. ಅರ್ಧ ಲೀಟರು ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಇಷ್ಟು ಶಕ್ತಿ ಸಾಕು. ಚಾಲಕನು ಬ್ರೇಕನ್ನು ಒತ್ತಿ ಕಾರನ್ನು ನಿಲ್ಲಿಸಿದಾಗ ಈ ಶಕ್ತಿ ನಾಶವಾಗುವುದಿಲ್ಲ. ಘರ್ಷಣೆಯ ಮೂಲಕ ಬಹುಪಾಲು ಶಾಖವಾಗಿ ಮಾರ್ಪಡುತ್ತದೆ. ವೇಗವು ಗಂಟೆಗೆ 30 ಕಿಲೋಮೀಟರಿದ್ದರೆ ಈ ಹೊರೆ ಅರ್ಧವಲ್ಲ, ಕಾಲುಭಾಗ ಮಾತ್ರ. ಈ ಲೆಕ್ಕವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಅನೇಕ ವಿಷಯಗಳು ಸುಲಭವಾಗಿ ತಿಳಿಯುತ್ತವೆ.

ಕಾರಿನ ಮುಂಗಾಲಿಗಳಲ್ಲಿ ಸಾಮಾನ್ಯವಾಗಿ ಬೀಡುಕಬ್ಬಿಣದ ತಟ್ಟೆಯೊಂದು ಗಾಲಿಯೊಡನೆ ಸುತ್ತುತ್ತಿರುತ್ತದೆ. ಇದಕ್ಕೆ ಡಿಸ್ಕ್ ಎಂದು ಹೆಸರು. ಬ್ರೇಕನ್ನು ಒತ್ತಿದಾಗ ಇಕ್ಕೆಲಗಳಿಂದ ಎರಡು ಪ್ಯಾಡುಗಳು ಆ ತಟ್ಟೆಯನ್ನು ಅವುಚಿ ಹಿಡಿಯುತ್ತವೆ. ಗಂಧದ ಕೊರಡನ್ನು ಸಾಣೆಕಲ್ಲಿನ ಮೇಲೆ ತೇಯುವಾಗ ಕೊರಡು ಸವೆಯುವುದು ಎಲ್ಲರಿಗೂ ಕಾಣುತ್ತದೆ. ವರ್ಷಗಳು ಕಳೆದ ಮೇಲೆ ನೋಡಿದರೆ ಕಲ್ಲೂ ಗುಳಿಬಿದ್ದಿರುತ್ತದೆ. ಬ್ರೇಕಿನಲ್ಲಿಯೂ ಹಾಗೆಯೇ. ಪ್ಯಾಡೂ ಸವೆಯುತ್ತದೆ, ತಟ್ಟೆಯೂ ಸವೆಯುತ್ತದೆ. ಗಂಧ ತೇಯುವವನು ನೀರು ಹನಿಸುವುದರಿಂದ ಸವೆದುದು ಕಲ್ಲಿನ ಮೇಲೆಯೇ ಉಳಿಯುತ್ತದೆ; ಬ್ರೇಕು ಒಣಗಿದ ಸಾಣೆಯಾದುದರಿಂದ ಸವೆದುದರ ಹೆಚ್ಚುಕಡಿಮೆ ಅರ್ಧದಷ್ಟು ಗಾಳಿಯನ್ನು ಸೇರುತ್ತದೆ. ಉಳಿದುದು ರಸ್ತೆಗೆ ಉದುರುತ್ತದೆ, ಇಲ್ಲವೆ ಗಾಲಿಯ ರಿಮ್ಮಿಗೆ ಕರಿಯ ಲೇಪದಂತೆ ಅಂಟಿಕೊಳ್ಳುತ್ತದೆ. ವಾರಕ್ಕೊಮ್ಮೆ ಕಾರನ್ನು ತೊಳೆಯುವವರು ಕಾಣುವ ಆ ಕರಿಮಸಿ ಕಣ್ಣಿಗೆ ಬಿದ್ದ ಪಾಲು. ಉಸಿರಿಗೆ ಸೇರುವ ಪಾಲು ಬೇರೆಯೇ ಇದೆ.

ಗಾಳಿಗೆ ಸೇರಿದ ಕಣಗಳನ್ನು ವಿಜ್ಞಾನಿಗಳು ಗಾತ್ರಕ್ಕನುಸಾರವಾಗಿ ವಿಂಗಡಿಸುತ್ತಾರೆ. ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕೆ ಮೈಕ್ರೋಮೀಟರ್ ಎಂದು ಹೆಸರು. 10 ಮೈಕ್ರೋಮೀಟರು ಮತ್ತು ಅದಕ್ಕಿಂತ ಕಡಿಮೆ ಅಡ್ಡಳತೆಯ ಕಣಗಳನ್ನು ಪಿ.ಎಂ. 10 ಎಂದೂ, 2.5 ಮೈಕ್ರೋಮೀಟರಿನವರೆಗಿನವನ್ನು ಪಿ.ಎಂ. 2.5 ಎಂದೂ ಕರೆಯುವುದು ರೂಢಿ. ತಲೆಗೂದಲಿನ ಎಳೆ ಸಾಮಾನ್ಯವಾಗಿ 50ರಿಂದ 70 ಮೈಕ್ರೋಮೀಟರು ದಪ್ಪವಿರುವುದನ್ನು ನೆನೆದರೆ ಇವುಗಳ ಸೂಕ್ಷ್ಮತೆ ಮನದಟ್ಟಾಗುತ್ತದೆ. ದಪ್ಪ ಕಣಗಳನ್ನು ಮೂಗು ಗಂಟಲುಗಳು ತಡೆಯುತ್ತವೆ. ಸಣ್ಣವು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಬ್ರೇಕು ಅತಿಯಾಗಿ ಕಾದಾಗ ಪ್ಯಾಡಿನೊಳಗಿನ ರಾಳವು ಸುಟ್ಟು, ಇನ್ನೂ ಸಣ್ಣದಾದ ಅಸಂಖ್ಯ ಕಣಗಳು ಹುಟ್ಟುವುದೂ ಉಂಟು.

ಮೂರು ಲೈನಿಂಗುಗಳ ಚರಿತ್ರೆ

ಬ್ರೇಕಿನ ಧೂಳು ಏನೆಂಬುದು ಲೈನಿಂಗಿನಲ್ಲಿ ಏನಿದೆಯೆಂಬುದನ್ನು ಅವಲಂಬಿಸಿದೆ. 1888ರ ಆಗಸ್ಟ್ ತಿಂಗಳಲ್ಲಿ ಜರ್ಮನಿಯ ಬೆರ್ತಾ ಬೆಂಜ್ ಎಂಬ ಮಹಿಳೆ, ತನ್ನ ಪತಿ ಕಾರ್ಲ್ ಬೆಂಜ್ ನಿರ್ಮಿಸಿದ್ದ ಮೋಟಾರು ಬಂಡಿಯಲ್ಲಿ ಇಬ್ಬರು ಮಕ್ಕಳೊಡನೆ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಸುಮಾರು 100 ಕಿಲೋಮೀಟರು ಪಯಣಿಸಿದಳು. ಇಳಿಜಾರುಗಳಲ್ಲಿ ಬ್ರೇಕಿನ ಮರದ ತುಂಡುಗಳು ಸವೆದುಹೋಗಲು, ದಾರಿಯಲ್ಲಿ ಸಿಕ್ಕ ಚಮ್ಮಾರನೊಬ್ಬನಿಂದ ಅವುಗಳಿಗೆ ತೊಗಲು ಹೊಡೆಸಿದಳು. ಮೋಟಾರು ವಾಹನದ ಬ್ರೇಕ್ ಲೈನಿಂಗಿನ ಕಥೆ ಅಲ್ಲಿಂದ ಮೊದಲಾಗುತ್ತದೆಂದು ಹೇಳುವುದು ವಾಡಿಕೆ.

ತೊಗಲು ಶಾಖವನ್ನು ತಾಳಲಾರದು. 20ನೆಯ ಶತಮಾನದ ಮೊದಲ ದಶಕದಲ್ಲಿ ಇಂಗ್ಲೆಂಡಿನ ಹರ್ಬರ್ಟ್ ಫ್ರೂಡ್ ಮುಂತಾದವರು ಲೈನಿಂಗಿಗೆ ಕಲ್ನಾರನ್ನು ತಂದರು. ಬೆಂಕಿಗೆ ಬೆದರದ, ಅಗ್ಗವಾದ, ಗಟ್ಟಿಯಾದ ಈ ಖನಿಜ ದಶಕಗಳ ಕಾಲ ಬ್ರೇಕುಗಳಲ್ಲಿ ಮೆರೆಯಿತು. ಅದರ ನಾರು ಶ್ವಾಸಕೋಶದಲ್ಲಿ ನೆಲೆಸಿ, ಹತ್ತಾರು ವರ್ಷಗಳ ಬಳಿಕ ಕ್ಯಾನ್ಸರನ್ನು ತರಬಲ್ಲುದೆಂಬ ಸತ್ಯ ಸ್ಥಿರಪಟ್ಟ ಮೇಲೆ ಒಂದೊಂದೇ ದೇಶ ಅದನ್ನು ನಿಷೇಧಿಸಿತು. ಐರೋಪ್ಯ ಒಕ್ಕೂಟದ 1999ರ ನಿರ್ದೇಶನವು 2005ರ ಜನವರಿ 1ರೊಳಗೆ ಸದಸ್ಯ ರಾಷ್ಟ್ರಗಳೆಲ್ಲವೂ ನಿಷೇಧವನ್ನು ಜಾರಿಗೆ ತರಬೇಕೆಂದು ವಿಧಿಸಿತು.

ಕಲ್ನಾರು ಬಿಟ್ಟುಹೋದ ಸ್ಥಾನವನ್ನು ಅನೇಕ ವಸ್ತುಗಳು ಕೂಡಿ ತುಂಬಿದವು: ಉಕ್ಕಿನ ಎಳೆ, ಗ್ರಾಫೈಟು, ಬೇರಿಯಂ ಸಲ್ಫೇಟು, ಇವನ್ನೆಲ್ಲ ಬಿಗಿದು ಹಿಡಿಯುವ ರಾಳ, ಮತ್ತು ತಾಮ್ರ. ತಾಮ್ರವು ಶಾಖವನ್ನು ಬೇಗನೆ ಹರಡುತ್ತದೆ, ಹಿಡಿತವನ್ನು ಸಮವಾಗಿಡುತ್ತದೆ. ಆದರೆ ರಸ್ತೆಗೆ ಉದುರಿದ ತಾಮ್ರದ ಧೂಳು ಮಳೆನೀರಿನೊಡನೆ ಹೊಳೆಗಳಿಗೆ ಇಳಿಯಿತು. ನೀರಿನಲ್ಲಿ ಕರಗಿದ ತಾಮ್ರವು ಅತ್ಯಲ್ಪವಾಗಿದ್ದರೂ ಸಾಲ್ಮನ್ ಮೀನಿನ ಘ್ರಾಣಶಕ್ತಿಯನ್ನು ಕುಂದಿಸುತ್ತದೆ. ವಾಸನೆಯಿಂದಲೇ ಶತ್ರುವನ್ನು ಅರಿಯುವ ಆ ಜೀವಿಗೆ ಇದು ಪ್ರಾಣಸಂಕಟ. ಆದಕಾರಣ ಅಮೆರಿಕದ ಕ್ಯಾಲಿಫೋರ್ನಿಯಾ ಮತ್ತು ವಾಷಿಂಗ್ಟನ್ ರಾಜ್ಯಗಳು 2010ರಲ್ಲಿ ಪ್ಯಾಡಿನ ತಾಮ್ರವನ್ನು ಕಡಿಮೆಮಾಡುವ ಕಾನೂನುಗಳನ್ನು ಅಂಗೀಕರಿಸಿದವು. ಕ್ಯಾಲಿಫೋರ್ನಿಯಾದ ಕಾನೂನಿನ ಪ್ರಕಾರ 2021ರಿಂದ ತಾಮ್ರದ ಅಂಶ ತೂಕದಲ್ಲಿ ಶೇಕಡಾ 5ನ್ನೂ, 2025ರಿಂದ ಶೇಕಡಾ 0.5ನ್ನೂ ಮೀರಕೂಡದು. ಸೀಸ, ಪಾದರಸ, ಕ್ಯಾಡ್ಮಿಯಂ, ಕಲ್ನಾರುಗಳಿಗೂ ಅದೇ ಕಾನೂನು ಕಟ್ಟುನಿಟ್ಟಿನ ಮಿತಿಗಳನ್ನು ಹಾಕಿತು. ಮೀನಿಗಾಗಿ ಮಾಡಿದ ಈ ಕಟ್ಟಳೆ ಮನುಷ್ಯನಿಗೂ ಹಿತವಾಗಬಹುದೆಂಬುದಕ್ಕೆ ಆಧಾರವೊಂದು ಆಮೇಲೆ ದೊರೆಯಿತು. 2025ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಯೋಗಶಾಲೆಯಲ್ಲಿ ಬೆಳೆಸಿದ ಶ್ವಾಸಕೋಶದ ಜೀವಕೋಶಗಳ ಮೇಲೆ ಬ್ರೇಕಿನ ಧೂಳನ್ನು ಪರೀಕ್ಷಿಸಿ, ತಾಮ್ರ ಹೆಚ್ಚಾಗಿರುವ ಪ್ಯಾಡಿನ ಧೂಳು ಡೀಸೆಲ್ ಹೊಗೆಯ ಕಣಗಳಿಗಿಂತಲೂ ಹೆಚ್ಚು ಹಾನಿ ಮಾಡಿತೆಂದು ಪ್ರಕಟಿಸಿದರು. ಇದು ಜೀವಕೋಶಗಳ ಮಟ್ಟದ ಪ್ರಯೋಗವೇ ಹೊರತು ಜನಸಮುದಾಯದ ಮೇಲೆ ನಡೆಸಿದ ಸಮೀಕ್ಷೆಯಲ್ಲ, ಆದರೂ ಅಲಕ್ಷಿಸತಕ್ಕುದಲ್ಲ.

ಹೊಗೆಕೊಳವೆಯಿಂದ ಆಚೆಗೆ

ವಾಹನಗಳ ಮಾಲಿನ್ಯವೆಂದರೆ ಹೊಗೆಯೆಂದೇ ಬಹುಕಾಲ ತಿಳಿಯಲಾಗಿತ್ತು. ಕಾನೂನುಗಳೂ ಹೊಗೆಕೊಳವೆಯ ಬಾಯಿಯನ್ನೇ ಕಾಯುತ್ತ ಕುಳಿತಿದ್ದವು. ಆ ಕಾವಲು ವ್ಯರ್ಥವಾಗಲಿಲ್ಲ. ಯುರೋಪಿನಲ್ಲಿ 1992ರ ಮೊದಲ ಹಂತದ ನಿಯಮವು ಡೀಸೆಲ್ ಕಾರಿಗೆ ಕಿಲೋಮೀಟರಿಗೆ 140 ಮಿಲಿಗ್ರಾಂ ಕಣಗಳ ಮಿತಿಯನ್ನು ಹಾಕಿತ್ತು. ಆರನೆಯ ಹಂತಕ್ಕೆ ಬರುವ ಹೊತ್ತಿಗೆ ಅದು 4.5 ಮಿಲಿಗ್ರಾಮಿಗೆ ಇಳಿದಿತ್ತು. ಕೊಳವೆಯ ಧೂಳು ಹೀಗೆ ಇಳಿಯುತ್ತ ಬಂದಂತೆ, ಇಳಿಯದೆ ಉಳಿದ ಬ್ರೇಕು, ಟೈರು, ರಸ್ತೆಗಳ ಸವೆತದ ಪಾಲು ತಾನಾಗಿಯೇ ದೊಡ್ಡದಾಗಿ ಕಂಡಿತು. ಕೆರೆಯ ನೀರು ತಗ್ಗಿದಾಗ ಮುಳುಗಿದ್ದ ಬಂಡೆ ತಲೆಯೆತ್ತುವಂತೆ ಇದು.

ಐರೋಪ್ಯ ಆಯೋಗದ ಜಂಟಿ ಸಂಶೋಧನಾ ಕೇಂದ್ರದ ತಜ್ಞರು 2014ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ನಗರ ಪ್ರದೇಶಗಳಲ್ಲಿ ಹೊಗೆಯನ್ನು ಬಿಟ್ಟು ವಾಹನ ಸಂಚಾರದಿಂದ ಬರುವ ಪಿ.ಎಂ. 10ರಲ್ಲಿ ಬ್ರೇಕಿನ ಪಾಲು ತೂಕದಲ್ಲಿ ಶೇಕಡಾ 55ರವರೆಗೂ, ಹೊಗೆಯನ್ನೂ ಸೇರಿಸಿದ ಒಟ್ಟು ಸಂಚಾರದ ಪಿ.ಎಂ. 10ರಲ್ಲಿ ಶೇಕಡಾ 21ರವರೆಗೂ ಇರಬಹುದೆಂದು ಅವರು ಕಂಡುಕೊಂಡರು. ಬ್ರಿಟನ್ ಸರ್ಕಾರದ ವಾಯುಗುಣ ತಜ್ಞರ ತಂಡ 2019ರಲ್ಲಿ ಕೊಟ್ಟ ವರದಿಯಂತೆ, ಆ ದೇಶದ ರಸ್ತೆ ಸಾರಿಗೆಯಿಂದ ಬರುವ ಪಿ.ಎಂ. 2.5ರಲ್ಲಿ ಶೇಕಡಾ 60 ಹಾಗೂ ಪಿ.ಎಂ. 10ರಲ್ಲಿ ಶೇಕಡಾ 73 ಭಾಗ ಬ್ರೇಕು, ಟೈರು, ರಸ್ತೆಗಳ ಸವೆತದಿಂದಲೇ ಬರುತ್ತಿತ್ತು.

ಅಳತೆಯ ಕ್ರಮ

'ಪ್ರಮಾಣ'ವೆಂಬ ಶಬ್ದಕ್ಕೆ ಲೋಕರೂಢಿಯಲ್ಲಿ ಅಳತೆಯೆಂಬ ಅರ್ಥವಿದ್ದರೆ, ತರ್ಕಶಾಸ್ತ್ರದಲ್ಲಿ ಯಥಾರ್ಥ ಜ್ಞಾನದ ಸಾಧನವೆಂಬ ಅರ್ಥವಿದೆ. ಕಾನೂನಿನ ವಿಷಯದಲ್ಲಿ ಈ ಎರಡು ಅರ್ಥಗಳೂ ಒಂದೇ ಆಗಿಬಿಡುತ್ತವೆ. ಅಳೆಯಲಾಗದುದನ್ನು ಸಾಧಿಸಿ ತೋರಿಸಲಾಗದು. ಸಾಧಿಸಲಾಗದುದಕ್ಕೆ ಮಿತಿ ಹಾಕಲಾಗದು. ಹೊಗೆಗೆ ಕೊಳವೆಯುಂಟು, ಅದರ ಬಾಯಿಗೆ ಉಪಕರಣವನ್ನು ಹಿಡಿದರಾಯಿತು. ಬ್ರೇಕಿಗೆ ಕೊಳವೆಯಿಲ್ಲ. ಅದರ ಧೂಳು ಗಾಲಿಯ ಸಂದಿಯಿಂದ ನಾಲ್ಕು ದಿಕ್ಕಿಗೂ ಚೆದರಿ, ರಸ್ತೆಯ ಧೂಳಿನೊಡನೆ ಬೆರೆತುಹೋಗುತ್ತದೆ. ಕಾನೂನು ತಡವಾದುದಕ್ಕೆ ಇದೊಂದು ಮುಖ್ಯ ಕಾರಣ.

ಈ ತೊಡಕನ್ನು ಬಿಡಿಸಿದ್ದು ವಿಶ್ವಸಂಸ್ಥೆಯ ಆಶ್ರಯದಲ್ಲಿ ಜಿನೀವಾದಲ್ಲಿ ಸೇರುವ ವಾಹನ ನಿಯಮಗಳ ವೇದಿಕೆ. ಅದು 2023ರ ಜೂನಿನಲ್ಲಿ ಜಾಗತಿಕ ತಾಂತ್ರಿಕ ನಿಯಮ 24 ಎಂಬುದನ್ನು ಅಂಗೀಕರಿಸಿತು. ಇದರಂತೆ ವಾಹನವನ್ನು ರಸ್ತೆಯಲ್ಲಿ ಓಡಿಸುವುದಿಲ್ಲ. ಬ್ರೇಕನ್ನು ಮಾತ್ರ ಪ್ರಯೋಗಶಾಲೆಯಲ್ಲಿ ಮುಚ್ಚಿದ ಪೆಟ್ಟಿಗೆಯೊಳಗೆ ಕೂರಿಸಿ ಯಂತ್ರದಿಂದ ಸುತ್ತಿಸುತ್ತಾರೆ. ಪೆಟ್ಟಿಗೆಯೊಳಕ್ಕೆ ಶೋಧಿಸಿದ ಶುದ್ಧ ಗಾಳಿಯನ್ನೇ ಹಾಯಿಸುವುದರಿಂದ ಹೊರಬರುವ ಧೂಳೆಲ್ಲ ಬ್ರೇಕಿನದೇ ಎಂಬುದು ನಿಶ್ಚಿತವಾಗುತ್ತದೆ. ಪರೀಕ್ಷೆಯ ಓಟ 192 ಕಿಲೋಮೀಟರು. ಅದರಲ್ಲಿ 10 ಪಯಣಗಳು, 303 ಸಲ ಬ್ರೇಕು ಹಾಕುವ ಸಂದರ್ಭಗಳು. ಹಿಡಿಯುವ ಕಾಲ ಸುಮಾರು 4 ಗಂಟೆ 24 ನಿಮಿಷ. ನಿತ್ಯದ ಓಡಾಟದಲ್ಲಿ ಚಾಲಕರು ಬ್ರೇಕನ್ನು ಬಳಸುವ ರೀತಿಯನ್ನು ಅನುಸರಿಸಿ ಈ ಕ್ರಮವನ್ನು ರೂಪಿಸಲಾಗಿದೆ. ಹೊರಬಂದ ಗಾಳಿಯ ಒಂದಂಶವನ್ನು ಸೋಸುಹಾಳೆಗಳ ಮೂಲಕ ಹಾಯಿಸಿ, ಹಾಳೆಯನ್ನು ಮೊದಲೂ ಆಮೇಲೂ ಸೂಕ್ಷ್ಮ ತಕ್ಕಡಿಯಲ್ಲಿ ತೂಗುತ್ತಾರೆ. ಕಣಗಳ ಸಂಖ್ಯೆಯನ್ನು ಬೇರೆ ಉಪಕರಣಗಳು ಎಣಿಸುತ್ತವೆ.

ಮೊದಲ ಮಿತಿ

ಅಳತೆ ಸಿದ್ಧವಾದೊಡನೆ ಮಿತಿಯೂ ಬಂದಿತು. ಐರೋಪ್ಯ ಒಕ್ಕೂಟವು 2024ರ ಏಪ್ರಿಲ್ 24ರಂದು 'ಯುರೋ 7' ಎಂಬ ನಿಯಮಾವಳಿಯನ್ನು ಕೈಗೊಂಡಿತು. ಬ್ರೇಕಿನ ಕಣಗಳ ತೂಕಕ್ಕೆ ಮೇಲ್ಮಿತಿಯನ್ನು ವಿಧಿಸಿದ ಮೊದಲ ಕಾನೂನೆಂಬ ಹಿರಿಮೆ ಇದಕ್ಕೆ ಸಲ್ಲುತ್ತದೆ. ಆರಂಭದ ಹಂತದಲ್ಲಿ ಪೆಟ್ರೋಲು, ಡೀಸೆಲ್, ಹೈಬ್ರಿಡ್ ಕಾರುಗಳಿಗೆ ಕಿಲೋಮೀಟರಿಗೆ 7 ಮಿಲಿಗ್ರಾಂ, ಕೇವಲ ಬ್ಯಾಟರಿಯಿಂದ ಓಡುವ ಕಾರುಗಳಿಗೆ 3 ಮಿಲಿಗ್ರಾಂ ಪಿ.ಎಂ. 10 ಎಂಬುದು ಗೊತ್ತುಪಡಿಸಿದ ಮಿತಿ. ಭಾರವಾದ ವ್ಯಾನುಗಳಿಗೆ ಇದು ಕ್ರಮವಾಗಿ 11 ಮತ್ತು 5 ಮಿಲಿಗ್ರಾಂ. ಹೊಸ ಮಾದರಿಯ ಕಾರುಗಳಿಗೆ ಅನ್ವಯವಾಗಲು ನಿಗದಿಯಾದ ದಿನ 2026ರ ನವೆಂಬರ್ 29. ಮಾರಾಟಕ್ಕೆ ಬರುವ ಹೊಸ ಕಾರುಗಳೆಲ್ಲಕ್ಕೂ ಅನ್ವಯವಾಗಲು 2027ರ ನವೆಂಬರ್ 29.

ಏಳು ಮಿಲಿಗ್ರಾಂ ಎಂಬುದು ಒಂದು ಚಿಟಿಕೆಗೂ ಸಾಲದ ತೂಕ. ಆದರೆ ಗುಣಿಸಿ ನೋಡಬೇಕು. ವರ್ಷಕ್ಕೆ 10,000 ಕಿಲೋಮೀಟರು ಓಡುವ ಕಾರು ಈ ಮಿತಿಯಲ್ಲಿಯೇ ಇದ್ದರೂ 70 ಗ್ರಾಂ ಧೂಳನ್ನು ಗಾಳಿಗೆ ಸೇರಿಸುತ್ತದೆ. ಅಂಥ ಒಂದು ಲಕ್ಷ ಕಾರುಗಳಿರುವ ಊರಿನಲ್ಲಿ ಅದು 7 ಟನ್ನಾಗುತ್ತದೆ. ಮೇಲಾಗಿ ಈ 7 ಎಂಬ ಅಂಕಿಯು ಹೊಗೆಕೊಳವೆಗೆ ಆರನೆಯ ಹಂತದಲ್ಲಿ ವಿಧಿಸಿದ 4.5ಕ್ಕಿಂತ ದೊಡ್ಡದೆಂಬುದನ್ನು ಗಮನಿಸಿದರೆ, ಬ್ರೇಕನ್ನು ಇಷ್ಟು ಕಾಲ ಬಿಟ್ಟಿದ್ದುದು ಎಷ್ಟು ದೊಡ್ಡ ಲೋಪವೆಂಬುದು ತಾನೇ ಹೊಳೆಯುತ್ತದೆ.

ತಗ್ಗಿಸುವ ಉಪಾಯಗಳು

ಮೊದಲನೆಯ ಉಪಾಯ ಘರ್ಷಣೆಯನ್ನೇ ಕಡಿಮೆಮಾಡುವುದು. ವಿದ್ಯುತ್ ವಾಹನದಲ್ಲಿ ವೇಗವನ್ನು ತಗ್ಗಿಸುವಾಗ ಮೋಟಾರು ತಾನೇ ಜನರೇಟರಾಗಿ, ಚಲನಶಕ್ತಿಯ ಬಹುಭಾಗವನ್ನು ಬ್ಯಾಟರಿಗೆ ಮರಳಿಸುತ್ತದೆ. ಪ್ಯಾಡಿಗೆ ಕೆಲಸ ಕಡಿಮೆ, ಧೂಳೂ ಕಡಿಮೆ. ಆದರೆ ಬ್ಯಾಟರಿಯ ಭಾರದಿಂದ ಇಂಥ ವಾಹನಗಳು ಹೆಚ್ಚು ತೂಗುವುದರಿಂದ ಟೈರಿನ ಸವೆತ ಹೆಚ್ಚಾಗಬಹುದೆಂಬುದನ್ನೂ ಮರೆಯಲಾಗದು.

ಎರಡನೆಯದು ತಟ್ಟೆಯನ್ನು ಗಟ್ಟಿಗೊಳಿಸುವುದು. ಬೀಡುಕಬ್ಬಿಣದ ಮೇಲೆ ಟಂಗ್‌ಸ್ಟನ್ ಕಾರ್ಬೈಡಿನಂಥ ಕಠಿಣ ವಸ್ತುವಿನ ತೆಳುಲೇಪವನ್ನು ಕೊಟ್ಟರೆ ತಟ್ಟೆಯ ಸವೆತ ಬಹಳ ಇಳಿಯುತ್ತದೆ. ಪೋರ್ಷೆ ಸಂಸ್ಥೆ 2017ರಲ್ಲಿ ಇಂಥ ತಟ್ಟೆಗಳನ್ನು ತನ್ನ ಕಾರಿನಲ್ಲಿ ಅಳವಡಿಸಿತು. ಬೆಲೆಯೇ ಇದಕ್ಕಿರುವ ದೊಡ್ಡ ಅಡ್ಡಿ. ಮೂರನೆಯದು ಧೂಳನ್ನು ಹುಟ್ಟಿದೆಡೆಯಲ್ಲಿಯೇ ಹಿಡಿಯುವುದು: ಬ್ರೇಕಿನ ಪಕ್ಕದಲ್ಲಿ ಸೋಸುಕವನ್ನು ಕೂರಿಸುವ, ಇಲ್ಲವೆ ಧೂಳನ್ನು ಹೀರಿಕೊಳ್ಳುವ ಏರ್ಪಾಡುಗಳನ್ನು ಯುರೋಪಿನ ಕೆಲವು ಸಂಸ್ಥೆಗಳು ನಿರ್ಮಿಸಿವೆ. ಹಳೆಯದೆಂದು ಹಿಂದೆ ಸರಿಸಿದ್ದ ಡ್ರಮ್ ಬ್ರೇಕಿಗೂ ಮತ್ತೆ ಮಾನ ಬಂದಿದೆ. ಅದು ಮುಚ್ಚಿಕೊಂಡಿರುವುದರಿಂದ ಧೂಳಿನ ಬಹುಭಾಗ ಒಳಗೇ ಉಳಿಯುತ್ತದೆ. ಫೋಕ್ಸ್‌ವ್ಯಾಗನ್ ಸಂಸ್ಥೆ ಐ.ಡಿ. 3 ಎಂಬ ವಿದ್ಯುತ್ ಕಾರಿನ ಹಿಂಗಾಲಿಗಳಿಗೆ ಡ್ರಮ್ ಬ್ರೇಕನ್ನೇ ಇಟ್ಟಿತು.

ನಾಲ್ಕನೆಯದು ಪ್ಯಾಡಿನ ಪಾಕವನ್ನು ಬದಲಿಸುವುದು. ಇಲ್ಲಿಯೇ ವಿವೇಕ ಬೇಕಾಗುತ್ತದೆ. ಯುರೋಪಿನಲ್ಲಿ ರೂಢಿಯಲ್ಲಿದ್ದ, ಉಕ್ಕಿನ ಅಂಶವುಳ್ಳ ಪ್ಯಾಡುಗಳಿಗಿಂತ ಅಮೆರಿಕ, ಜಪಾನುಗಳಲ್ಲಿ ಹೆಚ್ಚಾಗಿ ಬಳಸುವ ಕಲ್ನಾರಿಲ್ಲದ ಸಾವಯವ ಪ್ಯಾಡುಗಳು ಕಡಿಮೆ ಧೂಳನ್ನು ಬಿಡುತ್ತವೆ. ತಕ್ಕಡಿಯ ಮುಂದೆ ಇವೇ ಗೆಲ್ಲುತ್ತವೆ. ಆದರೆ ಸೌತಾಂಪ್ಟನ್ನಿನ ಪ್ರಯೋಗದಲ್ಲಿ ಜೀವಕೋಶಗಳಿಗೆ ಅತಿ ಹೆಚ್ಚು ಹಾನಿ ಮಾಡಿದ್ದು ಇದೇ ಜಾತಿಯ, ತಾಮ್ರಭರಿತ ಪ್ಯಾಡಿನ ಧೂಳು. ತೂಕದಲ್ಲಿ ಕಡಿಮೆಯಾದುದು ಕೇಡಿನಲ್ಲಿಯೂ ಕಡಿಮೆಯೆಂದು ಭಾವಿಸಲಾಗದು. ಕಲ್ನಾರನ್ನು ಬಿಟ್ಟು ತಾಮ್ರವನ್ನು ಹಿಡಿದ ಕಾಲದಲ್ಲಿ ಒಂದು ದೋಷ ಹೋಗಿ ಇನ್ನೊಂದು ಬಂದಂತೆ, ತೂಕವೊಂದನ್ನೇ ಇಳಿಸುವ ಆತುರದಲ್ಲಿ ಹೊಸ ದೋಷವೊಂದು ಒಳಹೊಕ್ಕರೆ ಆಶ್ಚರ್ಯವಿಲ್ಲ. ಯುರೋಪಿನ ನಿಯಮವು 'ಧೂಳು ಎಷ್ಟು?' ಎಂದು ಕೇಳುತ್ತದೆ. ಕ್ಯಾಲಿಫೋರ್ನಿಯಾದ ಕಾನೂನು 'ಧೂಳಿನಲ್ಲಿ ಏನಿದೆ?' ಎಂದು ಕೇಳುತ್ತದೆ. ಒಂದು ಪ್ರಮಾಣವನ್ನು ನೋಡುತ್ತದೆ, ಇನ್ನೊಂದು ಗುಣವನ್ನು. ವೈದ್ಯನು ಔಷಧದ ಮಾತ್ರೆಯನ್ನೂ ದ್ರವ್ಯವನ್ನೂ ಒಟ್ಟಿಗೆ ವಿಚಾರಿಸುವಂತೆ, ಈ ಎರಡು ಪ್ರಶ್ನೆಗಳನ್ನೂ ಒಟ್ಟಿಗೆ ಕೇಳುವ ಕಾನೂನೇ ಪೂರ್ಣವಾದ ಕಾನೂನು.

ಭಾರತದಲ್ಲಿ ಮತ್ತು ಕನ್ನಡ ನಾಡಿನಲ್ಲಿ

ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಹಂತ 6ರ ನಿಯಮಗಳು ಡೀಸೆಲ್ ಕಾರಿನ ಹೊಗೆಯ ಕಣಗಳಿಗೆ ಕಿಲೋಮೀಟರಿಗೆ 4.5 ಮಿಲಿಗ್ರಾಮಿನ ಮಿತಿಯನ್ನು ತಂದವು. ಬ್ರೇಕಿನ ಧೂಳಿಗೆ ಅವು ಮಿತಿ ಹಾಕಲಿಲ್ಲ. ಆದರೆ ಜಾಗತಿಕ ತಾಂತ್ರಿಕ ನಿಯಮಗಳಿಗೆ ಆಧಾರವಾದ 1998ರ ಒಪ್ಪಂದಕ್ಕೆ ಭಾರತ 2006ರಲ್ಲಿಯೇ ಸೇರಿದೆ. ಆದುದರಿಂದ ಅಳತೆಯ ಕ್ರಮವನ್ನು ಹೊಸದಾಗಿ ಹುಡುಕಬೇಕಾಗಿಲ್ಲ. ಒಂದು ಕೊರತೆ ಮಾತ್ರ ಉಳಿಯುತ್ತದೆ. 24ನೆಯ ನಿಯಮವು 3.5 ಟನ್ನಿನವರೆಗಿನ ಹಗುರ ವಾಹನಗಳಿಗಾಗಿ ರಚಿತವಾದುದು. ಭಾರತದ ನಗರಗಳಲ್ಲಿ ಬಸ್ಸು, ಲಾರಿ, ಆಟೋರಿಕ್ಷಾ, ದ್ವಿಚಕ್ರ ವಾಹನಗಳು ಕಾರುಗಳೊಡನೆ ಬೆರೆತು ಓಡುತ್ತವೆ. ಇನ್ನು ಹೊಸ ಕಾರಿನ ಪ್ಯಾಡು ಎಷ್ಟೇ ಒಳ್ಳೆಯದಾದರೂ, ಅದು ಸವೆದ ಬಳಿಕ ಅಂಗಡಿಯಲ್ಲಿ ಸಿಕ್ಕ ಅಗ್ಗದ ಪ್ಯಾಡನ್ನು ಹಾಕಿದರೆ ನಿಯಮದ ಫಲ ಅಲ್ಲಿಗೇ ಮುಗಿಯಿತು. ಬದಲಿ ಬಿಡಿಭಾಗಗಳನ್ನೂ ಪರೀಕ್ಷೆಗೆ ಒಳಪಡಿಸುವುದು ಅಗತ್ಯ.

ಈ ಧೂಳನ್ನು ಹೆಚ್ಚಾಗಿ ಉಣ್ಣುವವರು ಕಾರಿನೊಳಗೆ ಗಾಜೇರಿಸಿ ಕುಳಿತವರಲ್ಲ. ಬೆಂಗಳೂರಿನ ವೃತ್ತಗಳಲ್ಲಿ ದಿನವಿಡೀ ನಿಲ್ಲುವ ಸಂಚಾರಿ ಪೊಲೀಸರು, ಬಸ್ ನಿಲ್ದಾಣದಲ್ಲಿ ಕಾಯುವ ಮಕ್ಕಳು, ರಸ್ತೆಬದಿಯ ವ್ಯಾಪಾರಿಗಳು ಇದಕ್ಕೆ ಮೊದಲು ಗುರಿಯಾಗುತ್ತಾರೆ. ವಾಹನ ನಿಲ್ಲುವೆಡೆಯಲ್ಲಿಯೇ ಬ್ರೇಕಿನ ಧೂಳು ಹೆಚ್ಚು ಹುಟ್ಟುತ್ತದೆಯಷ್ಟೆ. ಅವರಿಗಿಂತಲೂ ಹತ್ತಿರದಲ್ಲಿರುವವನು ಗ್ಯಾರೇಜಿನ ಕೆಲಸಗಾರ. ಡ್ರಮ್ಮನ್ನು ಬಿಚ್ಚಿ ಗಾಳಿ ಹೊಡೆದು ಧೂಳು ಹಾರಿಸುವ ವಾಡಿಕೆ ಅವನ ಶ್ವಾಸಕೋಶಕ್ಕೆ ನೇರ ಕೇಡು. ಒದ್ದೆಬಟ್ಟೆಯಿಂದ ಒರೆಸಿ ತೆಗೆಯುವುದು ಇದಕ್ಕೆ ಸುಲಭ ಪರಿಹಾರ. ಇದಕ್ಕೆ ಕಾನೂನನ್ನು ಕಾಯಬೇಕಾಗಿಲ್ಲ.

ಚಾಲಕನ ಕೈಯಲ್ಲಿಯೂ ಒಂದಂಶವಿದೆ. ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿಗಳನ್ನು ಬಲ್ಲ ಅನುಭವಿ ಚಾಲಕರು ಇಳಿಯುವಾಗ ಕೆಳಗಿನ ಗೇರನ್ನು ಹಾಕಿ, ಎಂಜಿನ್ನಿನ ತಡೆಯಿಂದಲೇ ವೇಗವನ್ನು ಹಿಡಿಯುತ್ತಾರೆ. ಬ್ರೇಕು ಕಾದು ಹಿಡಿತ ತಪ್ಪದಿರಲೆಂದು ಅವರು ಪಾಲಿಸುವ ಈ ಪದ್ಧತಿ ಧೂಳನ್ನೂ ತಗ್ಗಿಸುತ್ತದೆ. ಊರೊಳಗೂ ಮುಂದಿನ ದೀಪ ಕೆಂಪಾಗಿರುವುದನ್ನು ದೂರದಿಂದಲೇ ಕಂಡು ಆಕ್ಸಿಲರೇಟರಿನಿಂದ ಕಾಲು ತೆಗೆಯುವವನು, ಹತ್ತಿರ ಬಂದು ಒಮ್ಮೆಲೆ ಬ್ರೇಕನ್ನು ತುಳಿಯುವವನಿಗಿಂತ ಕಡಿಮೆ ಧೂಳನ್ನು ಎಬ್ಬಿಸುತ್ತಾನೆ. ಮುವ್ವತ್ತರ ವೇಗದಲ್ಲಿ ಹೊರೆ ಅರವತ್ತರ ಕಾಲುಭಾಗವೆಂದು ಮೊದಲಿಗೆ ಹೇಳಿದ ಲೆಕ್ಕ ಇಲ್ಲಿ ಫಲ ಕೊಡುತ್ತದೆ.

ವಿಜ್ಞಾನದ ಉಪಾಧ್ಯಾಯರು ತರಗತಿಯಲ್ಲಿ ಘರ್ಷಣೆಯ ಪಾಠವನ್ನು ಮಾಡುವಾಗ ಬ್ರೇಕನ್ನು ಉದಾಹರಣೆಯಾಗಿ ಕೊಡುವುದುಂಟು. ಘರ್ಷಣೆಯಿಂದ ಶಾಖ ಹುಟ್ಟುತ್ತದೆ ಎಂಬಲ್ಲಿಗೆ ಆ ಪಾಠ ಸಾಮಾನ್ಯವಾಗಿ ನಿಲ್ಲುತ್ತದೆ. ಶಾಖದೊಡನೆ ಧೂಳೂ ಹುಟ್ಟುತ್ತದೆ, ಅದು ಎಷ್ಟು ಮತ್ತು ಏನು ಎಂಬುದನ್ನು ಅಳೆದು ತಿಳಿಯಬೇಕು ಎಂಬ ಎರಡು ವಾಕ್ಯಗಳನ್ನು ಅದಕ್ಕೆ ಸೇರಿಸಿದರೆ, ನಾಳೆ ಪ್ಯಾಡನ್ನು ಕೊಳ್ಳುವವನೂ, ತಯಾರಿಸುವವನೂ, ಅದಕ್ಕೆ ನಿಯಮವನ್ನು ಬರೆಯುವವನೂ ಆಗಲಿರುವ ವಿದ್ಯಾರ್ಥಿಗೆ ಆ ಪಾಠ ಪೂರ್ಣವಾಗುತ್ತದೆ.